ತಾಮ್ರ ಬಿಡಬೇಕು, ಪುಡಿಯಾಗಬಾರದು: ಗುಜರಿಗೆ ಇಂಪ್ಯಾಕ್ಟ್ ಕ್ರಷರ್ ಬಳಸುವ ಸಮಗ್ರ ಮಾರ್ಗದರ್ಶಿ

ಮಂಗಳೂರಿನ ಬೈಕಂಪಾಡಿಯಲ್ಲಿ ನಾನು ಕೆಲಸ ಮಾಡುವ ಗುಜರಿ ಯಾರ್ಡಿಗೆ ಬರುವ ಲೋಡು ನೋಡಿದರೆ ಸಾಕು, ಕರಾವಳಿಯವರು ಏನು ಬಳಸಿ ಎಸೆಯುತ್ತಾರೆ ಎಂದು ಗೊತ್ತಾಗುತ್ತದೆ. ಅಡಿಕೆ ತೋಟದಿಂದ ಸುಟ್ಟ ಪಂಪ್ ಮೋಟರ್. ಮಲ್ಪೆ ಮತ್ತು ಮಂಗಳೂರು ಧಕ್ಕೆಯ ಬೋಟುಗಳಿಂದ ಆಲ್ಟರ್ನೇಟರ್, ಸ್ಟಾರ್ಟರ್, ಎಂಜಿನ್ ತುಂಡು. ಮನೆಗಳಿಂದ ಫ್ಯಾನ್, ಮಿಕ್ಸಿ, ಫ್ರಿಜ್ಜಿನ ಕಂಪ್ರೆಸರ್. ಅಪರೂಪಕ್ಕೊಮ್ಮೆ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಎರಕದ ಕಬ್ಬಿಣದ ಪ್ರೆಸ್ಸು.

ಇದರಲ್ಲಿ ದುಡ್ಡು ಇರುವುದು ಜಾಸ್ತಿ ತಾಮ್ರದಲ್ಲಿ, ಆಮೇಲೆ ಅಲ್ಯೂಮಿನಿಯಂನಲ್ಲಿ. ಆದರೆ ಎರಡೂ ಕಬ್ಬಿಣದ ಹೊಟ್ಟೆಯೊಳಗೆ ಸಿಕ್ಕಿಕೊಂಡಿರುತ್ತವೆ. ಮೊದಲ ಹಂತದ ಶ್ರೆಡ್ಡರ್ ಮಾಲನ್ನು ಹರಿದು ಅಂಗೈ ಅಗಲದ ತುಂಡು ಮಾಡುತ್ತದೆ, ಅಷ್ಟೆ. ಹರಿದ ತುಂಡಿನಲ್ಲೂ ಮೋಟರಿನ ತಿರುಗದ ಭಾಗವಾದ ಸ್ಟೇಟರ್ ಪಟ್ಟಿಯ ಸಂದಿಯಲ್ಲಿ ತಾಮ್ರದ ತಂತಿ ಹಾಗೇ ಕೂತಿರುತ್ತದೆ. ಅದನ್ನು ಬಿಡಿಸುವ ಕೆಲಸವೇ ಎರಡನೇ ಹಂತ. ಅಲ್ಲಿ ಬರುವುದು ಇಂಪ್ಯಾಕ್ಟ್ ಕ್ರಷರ್, ಅಂದರೆ ಪೆಟ್ಟು ಕೊಟ್ಟು ಒಡೆಯುವ ಮೆಷಿನ್.

ಚಾಲಿ ಅಡಿಕೆ ಸುಲಿಯುವುದನ್ನು ನೋಡಿದ್ದೀರಲ್ಲ? ಸಿಪ್ಪೆ ಬಿಡಬೇಕು, ಅಡಿಕೆ ಒಡೆಯಬಾರದು. ಒಡೆದರೆ ರೇಟು ಬಿತ್ತು. ಇಲ್ಲಿಯೂ ಲೆಕ್ಕ ಅದೇ. ತುಂಡು ಎಷ್ಟು ಸಣ್ಣದಾಯಿತು ಎಂದು ಕೇಳಬೇಡಿ. ತಾಮ್ರ ಕಬ್ಬಿಣವನ್ನು ಬಿಟ್ಟಿತಾ ಎಂದು ಕೇಳಿ. ಮೆಷಿನ್ ಕೊಳ್ಳುವಾಗ, ಜಾಲರಿ ಬದಲಿಸುವಾಗ, ಹ್ಯಾಮರ್ ತಿರುಗಿಸುವಾಗ, ಪ್ರತಿ ಸಲವೂ ನಾನು ಕೇಳಿಕೊಳ್ಳುವ ಪ್ರಶ್ನೆ ಅದೊಂದೇ.

ಮೊದಲು ಮೆಷಿನ್ ಯಾವುದು ಎಂದು ಖಚಿತ ಮಾಡಿಕೊಳ್ಳಿ

ಇಂಪ್ಯಾಕ್ಟ್ ಕ್ರಷರ್ ಎಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಜಲ್ಲಿ ಕ್ರಷರ್. ಕಾರ್ಕಳ ಕಡೆ ಹೋದರೆ ಕಣ್ಣಿಗೆ ಬೀಳುವ ಮೆಷಿನ್ ಅದು. ಪರಿಚಯದ ಒಬ್ಬರು ಕಡಿಮೆ ರೇಟಿಗೆ ಸಿಕ್ಕಿತೆಂದು ಹಳೆಯ ಜಲ್ಲಿ ಮೆಷಿನ್ ತಂದು ಅದಕ್ಕೆ ಮೋಟರ್ ಗುಜರಿ ಸುರಿದರು. ಒಂದು ವಾರದೊಳಗೆ ಬ್ಲೋ ಬಾರ್, ಅಂದರೆ ಪೆಟ್ಟು ಕೊಡುವ ದಪ್ಪ ಪಟ್ಟಿ, ಎರಡು ತುಂಡಾಯಿತು.

ಕಾರಣ ಸರಳ. ಕಲ್ಲು ಪೆಡಸು, ಒಂದು ಪೆಟ್ಟಿಗೆ ಸೀಳುತ್ತದೆ. ತಾಮ್ರ, ಅಲ್ಯೂಮಿನಿಯಂ, ಸಾದಾ ಉಕ್ಕು ಹಾಗಲ್ಲ, ಪೆಟ್ಟು ಬಿದ್ದರೆ ಬಗ್ಗುತ್ತವೆ, ಮಡಚುತ್ತವೆ. ಜಲ್ಲಿ ಮೆಷಿನ್ನಿನ ಬಾರುಗಳು ಒಳಗೆ ತಿರುಗುವ ರೋಟರಿಗೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತವೆ. ಎಷ್ಟೋ ಮೆಷಿನ್‌ಗಳಲ್ಲಿ ಅವು ಹೈ ಕ್ರೋಮ್ ಎರಕದವು. ಸವೆತ ತಡೆಯುತ್ತವೆ, ಆದರೆ ದಪ್ಪ ಕಬ್ಬಿಣ ಅಡ್ಡ ಬಂದರೆ ಮುರಿಯುತ್ತವೆ.

ಲೋಹದ ಗುಜರಿಗೆ ಬೇಕಾದದ್ದು ತೂಗುವ ಹ್ಯಾಮರ್ ಇರುವ ಮಾದರಿ, ಅಂದರೆ ಹ್ಯಾಮರ್ ಮಿಲ್. ರೋಟರಿನ ಪಿನ್‌ಗಳಿಗೆ ಹ್ಯಾಮರ್‌ಗಳು ಸಡಿಲವಾಗಿ ನೇತುಹಾಕಿರುತ್ತವೆ. ರೋಟರ್ ತಿರುಗಿದಾಗ ನೆಟ್ಟಗೆ ಹೊರಚಾಚುತ್ತವೆ. ಒಡೆಯದ ವಸ್ತು ಬಂದರೆ ಹಿಂದಕ್ಕೆ ಮಡಚಿ ದಾರಿ ಬಿಡುತ್ತವೆ. ಕೆಳಗೆ ಜಾಲರಿ. ಅದರ ತೂತಿಗಿಂತ ಸಣ್ಣದಾದದ್ದು ಮಾತ್ರ ಹೊರಗೆ ಬೀಳುತ್ತದೆ, ಉಳಿದದ್ದು ಮತ್ತೆ ಪೆಟ್ಟು ತಿನ್ನುತ್ತದೆ.

ಜಲ್ಲಿ ಮಾದರಿ ಗುಜರಿಯಲ್ಲಿ ಪೂರ್ತಿ ಉಪಯೋಗವಿಲ್ಲ ಎಂದೂ ಅಲ್ಲ. ಲೋಹ ಸಿಕ್ಕಿಕೊಂಡಿರುವ ಕುಲುಮೆಯ ಕಿಟ್ಟಕ್ಕೆ, ತೆಳು ಎರಕದ ಕಬ್ಬಿಣಕ್ಕೆ ಅದು ಸರಿ. ಎರಡೂ ಪೆಡಸು ಜಾತಿಯವು. ಹಂಚಿನ ಪ್ರೆಸ್ಸಿನಂಥ ದಪ್ಪ ಎರಕವನ್ನು ಮಾತ್ರ ಯಾವ ಮೆಷಿನ್ನಿಗೂ ಹಾಕಬೇಡಿ. ಅದನ್ನು ಸುತ್ತಿಗೆಯಿಂದಲೋ ಕ್ರೇನಿನ ಗುಂಡಿನಿಂದಲೋ ಒಡೆದು ಹಾಗೇ ಮಾರುವುದು ಲಾಭ. ಶಿವಮೊಗ್ಗ, ಬೆಳಗಾವಿಯ ಫೌಂಡ್ರಿಗಳಿಗೆ ಅದು ಬೇಕು.

ಇನ್ನೊಂದು ಮಾತು. ಶ್ರೆಡ್ಡರ್ ಇಲ್ಲದೆ ಹ್ಯಾಮರ್ ಮಿಲ್ ಒಂದನ್ನೇ ತರಬೇಡಿ. ಎರಡು ಶಾಫ್ಟಿನ ಶ್ರೆಡ್ಡರ್ ನಿಮಿಷಕ್ಕೆ ಇಪ್ಪತ್ತು ಮೂವತ್ತು ಸುತ್ತು ನಿಧಾನ ತಿರುಗಿ ಮಾಲನ್ನು 100ರಿಂದ 150 ಮಿಲಿಮೀಟರ್‌ಗೆ ತರಬೇಕು. ಅದಾದ ಮೇಲೆ ಮಿಲ್ ಅದನ್ನು 30, 40 ಮಿಲಿಮೀಟರ್‌ಗೆ ಇಳಿಸಬೇಕು. ಇಡೀ ಮೋಟರನ್ನು ನೇರ ಮಿಲ್ಲಿಗೆ ಹಾಕುವುದೆಂದರೆ ಬೇರಿಂಗಿಗೆ ಶಾಪ ಹಾಕಿದ ಹಾಗೆ.

ಜಾಗ, ಕರೆಂಟು, ಕಾಗದಪತ್ರ

ಇದನ್ನು ಬೇಗ ಮುಗಿಸುತ್ತೇನೆ. ಮಿಲ್ ಕೂರಿಸುವ ಕಾಂಕ್ರೀಟ್ ಬ್ಲಾಕ್ ಮೆಷಿನ್ ತೂಕದ ಕನಿಷ್ಠ ಮೂರು ಪಟ್ಟು ಇರಬೇಕು ಎಂಬ ರೂಢಿ ಇದೆ. ಬೈಕಂಪಾಡಿ, ಪಣಂಬೂರು ಕಡೆ ಸಮುದ್ರ ಹತ್ತಿರ, ಸ್ವಲ್ಪ ಅಗೆದರೆ ಮರಳು, ನೀರು. ಅಲ್ಲಿ ಮಣ್ಣು ಪರೀಕ್ಷೆ ಮಾಡಿಸದೆ ಫೌಂಡೇಶನ್ ಹಾಕಬೇಡಿ. ಮುರಕಲ್ಲಿನ ಗುಡ್ಡದ ಮೇಲೆ ಜಾಗ ಇರುವವರು ಪುಣ್ಯವಂತರು.

110 ಕಿಲೋವ್ಯಾಟಿನ, ಅಂದರೆ ಸುಮಾರು 150 ಎಚ್‌ಪಿಯ ಮೋಟರಿಗೆ ವಿದ್ಯುತ್ ಕಂಪನಿ ಮೆಸ್ಕಾಂನಿಂದ ಎಷ್ಟು ಲೋಡಿನ ಮಂಜೂರಾತಿ ಬೇಕು ಎಂದು ಮೆಷಿನ್ ಕೊಳ್ಳುವ ಮೊದಲೇ ಕೇಳಿ. ಸಾಫ್ಟ್ ಸ್ಟಾರ್ಟರ್ ಹಾಕಿಸಿ. ಭಾರದ ರೋಟರನ್ನು ನಿಂತಲ್ಲಿಂದ ಎಬ್ಬಿಸುವಾಗ ಮೋಟರ್ ಎಳೆಯುವ ಕರೆಂಟು ಸಾಮಾನ್ಯದ್ದಲ್ಲ.

ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಎರಡು ಒಪ್ಪಿಗೆ ಬೇಕು. ಕಟ್ಟುವ ಮೊದಲು ಒಂದು, ನಡೆಸುವ ಮೊದಲು ಇನ್ನೊಂದು. ಫ್ರಿಜ್, ವಾಷಿಂಗ್ ಮೆಷಿನ್, ಕಂಪ್ಯೂಟರ್ ಒಡೆಯುವುದಾದರೆ 2022ರ ಇ-ತ್ಯಾಜ್ಯ ನಿಯಮಗಳ ಕೆಳಗೆ ನೋಂದಣಿ ಬೇರೆ. ಅವಧಿ ಮುಗಿದ ವಾಹನಗಳಿಗೆ 2021ರ ಸ್ಕ್ರ್ಯಾಪಿಂಗ್ ನಿಯಮ. ಶಬ್ದದ ಮಿತಿ ಕೈಗಾರಿಕಾ ಪ್ರದೇಶದಲ್ಲಿ ಹಗಲು 75 ಡೆಸಿಬೆಲ್, ರಾತ್ರಿ 70. ವಸತಿ ಪ್ರದೇಶದಲ್ಲಿ 55 ಮತ್ತು 45. ಹ್ಯಾಮರ್ ಮಿಲ್ ಪಕ್ಕ ನಿಂತರೆ ಮಾತು ಕೇಳಿಸುವುದಿಲ್ಲ. ಹಾಗಾಗಿ ಮಿಲ್ ಸುತ್ತ ಮುಚ್ಚಿದ ಕೋಣೆ ಕಟ್ಟುವುದು ಮೊದಲ ದಿನದ ಖರ್ಚಿನಲ್ಲೇ ಸೇರಿರಲಿ.

ಆರಿಸುವ ಮೇಜು

ಹೊಸಬರು ಅವಸರ ಮಾಡುವುದು ಇಲ್ಲಿ. ನನ್ನನ್ನು ಕೇಳಿದರೆ ಒಳ್ಳೆಯ ಇಬ್ಬರು ಜನ ಇರಬೇಕಾದದ್ದು ಮೆಷಿನ್ ಹತ್ತಿರ ಅಲ್ಲ, ಮಿಲ್ಲಿಗೆ ಹೋಗಬಾರದ್ದನ್ನು ಆರಿಸಿ ತೆಗೆಯುವ ಈ ಮೇಜಿನ ಹತ್ತಿರ. ಮಿಲ್ಲಿನ ಒಳಗೆ ಹೋದ ಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ.

ಮೊದಲು ಗಾಳಿ ತುಂಬಿದ, ಮುಚ್ಚಿದ ವಸ್ತು ಯಾವುದಿದೆ ನೋಡಿ. ಗ್ಯಾಸ್ ಸಿಲಿಂಡರ್, ಬೆಂಕಿ ನಂದಿಸುವ ಡಬ್ಬಿ, ಬೈಕಿನ ಶಾಕ್ ಅಬ್ಸಾರ್ಬರ್, ಕಾರಿನ ಏರ್‌ಬ್ಯಾಗಿನ ಡಬ್ಬಿ, ಪೆಟ್ರೋಲ್ ಟ್ಯಾಂಕ್, ಬಣ್ಣದ ಸ್ಪ್ರೇ. ಇವು ಒಳಗೆ ಹೋದರೆ ಬಾಂಬು. ಖಾಲಿ ಇದೆ ಎಂದು ಲೋಡ್ ತಂದವರು ಹೇಳುತ್ತಾರೆ. ನಂಬಬೇಡಿ. ಒಮ್ಮೆ ನಾನೂ ಕೇಳಿದೆ, "ಇದರಲ್ಲಿ ಎಂತ ಉಂಟು?" ಎಂದು. "ಎಂತದೂ ಇಲ್ಲ ಅಣ್ಣ, ಸುಮ್ನೆ ಡಬ್ಬ" ಎಂದ ಹುಡುಗ. ವಾಲ್ವ್ ತಿರುಗಿಸಿದರೆ ಬುಸ್ ಎಂದಿತು.

ಫ್ರಿಜ್ಜಿನ ಕಂಪ್ರೆಸರ್ ಬೇರೆಯೇ ತಲೆನೋವು. ಹೊಸ ಫ್ರಿಜ್‌ಗಳಲ್ಲಿ ಬಹುಪಾಲು ಆರ್600ಎ ಗ್ಯಾಸ್ ಇರುತ್ತದೆ. ಅದು ಐಸೊಬ್ಯೂಟೇನ್, ಅಡುಗೆ ಗ್ಯಾಸಿನ ಸಂಬಂಧಿ. ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಗ್ಯಾಸ್ ತೆಗೆಯುವ ಯಂತ್ರದಿಂದ ತೆಗೆಸಿ, ಕೆಳಗೆ ತೂತು ಕೊರೆದು ಎಣ್ಣೆ ಪೂರ್ತಿ ಇಳಿಸಿ, ಆಮೇಲೆ ಶ್ರೆಡ್ಡರಿಗೆ.

ಬ್ಯಾಟರಿ ಒಂದೂ ಹೋಗಬಾರದು. ಬೋಟಿನ ಸೀಸದ ಬ್ಯಾಟರಿ ದೊಡ್ಡದು, ಕಣ್ಣಿಗೆ ಬೀಳುತ್ತದೆ. ಕೈತಪ್ಪುವುದು ಲಿಥಿಯಂ. ಚಾರ್ಜರ್ ಟಾರ್ಚ್, ಡ್ರಿಲ್ ಮೆಷಿನ್, ಅಡಿಕೆಗೆ ಮದ್ದು ಬಿಡುವ ಬೆನ್ನಿನ ಪಂಪು, ಇವುಗಳ ಹೊಟ್ಟೆ ಬಿಚ್ಚಿ ನೋಡಬೇಕು. ಪೆಟ್ಟು ಬಿದ್ದ ಲಿಥಿಯಂ ಬ್ಯಾಟರಿ ಮಿಲ್ಲಿನಲ್ಲೇ ಹೊತ್ತಿಕೊಳ್ಳದೆ, ಅರ್ಧ ಗಂಟೆ ಕಳೆದು ರಾಶಿಯೊಳಗಿಂದ ಹೊಗೆ ಎಬ್ಬಿಸುವುದೂ ಉಂಟು.

ಆಮೇಲೆ ಮೆಗ್ನೀಶಿಯಂ. ಮರ ಕೊಯ್ಯುವ ಮೆಷಿನ್ನಿನ ಎಂಜಿನ್ ಕವಚ ಹೆಚ್ಚಾಗಿ ಇದರದ್ದು. ನೋಡಲು ಅಲ್ಯೂಮಿನಿಯಂ ಹಾಗೇ, ಆದರೆ ಹಗುರ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ, ಮೆಗ್ನೀಶಿಯಂ 1.74 ಪಟ್ಟು ಮಾತ್ರ. ಅನುಮಾನ ಬಂದರೆ ಅರದಿಂದ ಸ್ವಲ್ಪ ಉಜ್ಜಿ ಅಡುಗೆಯ ವಿನೆಗರ್ ಒಂದು ಹನಿ ಹಾಕಿ. ಗುಳ್ಳೆ ಎದ್ದರೆ ಮೆಗ್ನೀಶಿಯಂ. ಅದನ್ನು ಬದಿಗಿಡಿ. ಅದರ ಪುಡಿಗೆ ಬೆಂಕಿ ಬಿದ್ದರೆ ನೀರು ಹಾಕುವ ಹಾಗಿಲ್ಲ, ಇನ್ನೂ ಜೋರಾಗುತ್ತದೆ. ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಬರುವ ಡಿ ವರ್ಗದ ಪುಡಿ ಬೇಕು. ಮರಳಿನ ಬಕೆಟ್ ಮೇಜಿನ ಪಕ್ಕದಲ್ಲೇ ಇರಲಿ, ಒಣಗಿರಲಿ. ಮಳೆಗಾಲದಲ್ಲಿ ಒಣ ಮರಳು ಎಂಬುದೇ ಇಲ್ಲಿ ಒಂದು ಸಾಧನೆ.

ಕೊನೆಗೆ ಕರಾವಳಿಯದ್ದೇ ಆದ ಎರಡು ಶತ್ರುಗಳು. ಒಂದು ಬಲೆ ಮತ್ತು ನೈಲಾನ್ ಹಗ್ಗ. ಇನ್ನೊಂದು ಟ್ರಾಲ್ ಬೋಟಿನಲ್ಲಿ ಬಲೆ ಎಳೆಯುವ ವಿಂಚಿನ ಸರಿಗೆ ಹಗ್ಗ. ಎರಡೂ ಒಡೆಯುವುದಿಲ್ಲ, ರೋಟರಿಗೆ ಸುತ್ತಿಕೊಳ್ಳುತ್ತವೆ. ನಾವು ಶುರು ಮಾಡಿದ ಮೊದಲ ತಿಂಗಳಲ್ಲಿ ಮಾರುದ್ದದ ಸರಿಗೆ ಹಗ್ಗವೊಂದು ಬೋಟಿನ ಸ್ಟಾರ್ಟರ್ ಮೋಟರಿಗೆ ಸುತ್ತಿಕೊಂಡು ಬಂದಿತ್ತು. ಆರಿಸಬೇಕಾದವನು ನಾನೇ, ಗಮನಿಸಲಿಲ್ಲ. ಅದು ಹ್ಯಾಮರ್ ಸಾಲುಗಳ ನಡುವೆ ಎಷ್ಟು ಬಿಗಿಯಾಗಿ ಸುತ್ತಿತೆಂದರೆ ಗ್ಯಾಸ್ ಕಟ್ಟರ್ ಹಿಡಿದು ತೆಗೆಯಲು ಒಂದೂವರೆ ದಿನ ಬೇಕಾಯಿತು. ಈಗ ಬೋಟಿನ ಗುಜರಿಗೆ ಬೇರೆಯೇ ಮೂಲೆ, ಬೇರೆಯೇ ಹೊತ್ತು. ಒಂದು ಗೇಣಿಗಿಂತ ಉದ್ದದ ಹಗ್ಗ, ತಂತಿ ಕಂಡರೆ ಕೊಯ್ಯಲೇಬೇಕು. ಮೋಟರಿನ ದಪ್ಪ ಶಾಫ್ಟುಗಳನ್ನೂ ಇಲ್ಲೇ ಹೊಡೆದು ತೆಗೆಯಿರಿ.

ವೇಗ ಮತ್ತು ಜಾಲರಿ

ಪೆಟ್ಟಿನ ಬಲ ನಿರ್ಧಾರವಾಗುವುದು ಹ್ಯಾಮರ್ ತುದಿಯ ವೇಗದಿಂದ. ಲೆಕ್ಕ ಕಷ್ಟವೇನಲ್ಲ. ಹ್ಯಾಮರ್ ಚಾಚಿದಾಗಿನ ವ್ಯಾಸವನ್ನು ಮೀಟರಿನಲ್ಲಿ ಅಳೆಯಿರಿ, 3.14ರಿಂದ ಗುಣಿಸಿ, ನಿಮಿಷದ ಸುತ್ತುಗಳಿಂದ ಗುಣಿಸಿ, 60ರಿಂದ ಭಾಗಿಸಿ. ಒಂದು ಮೀಟರ್ ವ್ಯಾಸದ ರೋಟರ್ 1000 ಸುತ್ತು ತಿರುಗಿದರೆ ತುದಿ ಸೆಕೆಂಡಿಗೆ ಸುಮಾರು 52 ಮೀಟರ್ ಓಡುತ್ತದೆ. ಗಂಟೆಗೆ 188 ಕಿಲೋಮೀಟರ್. ಮೋಟರ್ ಗುಜರಿಗೆ ಸೆಕೆಂಡಿಗೆ 45ರಿಂದ 60 ಮೀಟರ್ ನಡುವೆ ಹೆಚ್ಚಾಗಿ ಕೆಲಸ ನಡೆಯುತ್ತದೆ. ಪುಲ್ಲಿ ಬದಲಿಸಿ ವೇಗ ಏರಿಸುವ ಆಸೆ ಎಲ್ಲರಿಗೂ ಬರುತ್ತದೆ. ಮೆಷಿನ್ ಮಾಡಿದವರು ಬರೆದ ಗರಿಷ್ಠ ವೇಗ ಮಾತ್ರ ದಾಟಬೇಡಿ. ಏಕೆಂದು ಹ್ಯಾಮರ್ ವಿಷಯದಲ್ಲಿ ಹೇಳುತ್ತೇನೆ.

ಜಾಲರಿಯ ತೂತು ವೇಗಕ್ಕಿಂತ ಮುಖ್ಯ. ನಮ್ಮ ದಣಿಗಳಿಗೆ ಮಾಲು ನುಣ್ಣಗೆ ಬಂದರೆ ಖುಷಿ. "ಇಷ್ಟು ದೊಡ್ಡ ದೊಡ್ಡ ತುಂಡು ಯಾಕೆ ಮಾರಾಯ, ಸಣ್ಣ ಮಾಡು" ಎಂದರು. 40 ಮಿಲಿಮೀಟರ್ ಜಾಲರಿ ತೆಗೆದು 20 ಹಾಕಿದೆವು. ನೋಡಲು ಚಂದ. ಕಬ್ಬಿಣ ಬೇರೆ, ತಾಮ್ರ ಬೇರೆ, ಎಲ್ಲ ಹೊಳೆಯುತ್ತಿತ್ತು. ತಿಂಗಳ ಕೊನೆಗೆ ತೂಗಿದಾಗ ತಾಮ್ರವೇ ಕಮ್ಮಿ. ಕಳ್ಳತನವೇ ಇರಬೇಕೆಂದು ಎರಡು ದಿನ ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ ಧೂಳಿನ ಚೀಲದಿಂದ ಒಂದು ಹಿಡಿ ತೆಗೆದು ಬಾಣಲೆಯಲ್ಲಿ ನೀರು ಹಾಕಿ ಅಲ್ಲಾಡಿಸಿದೆ. ಮಣ್ಣು ಹರಿದುಹೋಯಿತು. ತಳದಲ್ಲಿ ಕೆಂಪಗೆ ತಾಮ್ರದ ಪುಡಿ ಕೂತಿತ್ತು. ಕಳ್ಳ ಜಾಲರಿ.

ಜಾಲರಿ ಸಣ್ಣದಾದರೆ ಇನ್ನೂ ಎರಡು ತೊಂದರೆ ಇದೆ. ಮಾಲು ಒಳಗೆ ಹೆಚ್ಚು ಹೊತ್ತು ಉಳಿಯುತ್ತದೆ. ಕರೆಂಟು ಖರ್ಚು, ಹ್ಯಾಮರ್ ಸವೆತ ಎರಡೂ ಏರುತ್ತವೆ. ಮತ್ತೆ, ತೆಳು ಅಲ್ಯೂಮಿನಿಯಂ ತಗಡು ಪೆಟ್ಟು ತಿಂದು ತಿಂದು ಉಂಡೆ ಕಟ್ಟುತ್ತದೆ. ಉಂಡೆಯೊಳಗೆ ಪ್ಲಾಸ್ಟಿಕ್, ಮಣ್ಣು, ಕಬ್ಬಿಣದ ಚೂರು ಸೇರಿಕೊಂಡರೆ ಆಮೇಲೆ ಯಾವ ಯಂತ್ರವೂ ಅದನ್ನು ಬಿಡಿಸುವುದಿಲ್ಲ. ಬಿಡಿಸಲು ಹೋಗಿ ಕಟ್ಟಿಕೊಟ್ಟ ಹಾಗಾಯಿತು.

ಸರಿಯಾದ ಜಾಲರಿ ಹುಡುಕಲು ನಾವು ಮಾಡುವುದು ಬಕೆಟ್ ಪರೀಕ್ಷೆ. ದೊಡ್ಡ ತೂತಿನಿಂದ ಶುರು ಮಾಡಿ, ಉದಾಹರಣೆಗೆ 50 ಮಿಲಿಮೀಟರ್. ಒಂದೇ ಜಾತಿಯ ಮಾಲು ಅರ್ಧ ಗಂಟೆ ಓಡಿಸಿ. ಮ್ಯಾಗ್ನೆಟ್ಟಿಗೆ ಹೋಗುವ ಮೊದಲು ಕನ್ವೇಯರ್ ತುದಿಯಲ್ಲಿ ಐದೈದು ನಿಮಿಷಕ್ಕೊಮ್ಮೆ ಒಂದು ಬಕೆಟ್ ಹಿಡಿಯಿರಿ. ಎಲ್ಲ ಒಟ್ಟು ಸುರಿದು ಕಲಸಿ, ರಾಶಿಯನ್ನು ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ಇಟ್ಟುಕೊಂಡು ಉಳಿದದ್ದು ಬಿಡಿ. ಹತ್ತು ಕಿಲೋಗೆ ಇಳಿಯುವ ತನಕ ಹೀಗೇ ಮಾಡಿ.

ಈ ಹತ್ತು ಕಿಲೋವನ್ನು ಕೂತು ಕೈಯಲ್ಲಿ ಆರಿಸಿ. ಶುದ್ಧ ಕಬ್ಬಿಣ ಒಂದು ಕಡೆ. ಶುದ್ಧ ತಾಮ್ರ, ಅಲ್ಯೂಮಿನಿಯಂ ಒಂದು ಕಡೆ. ಇನ್ನೂ ಅಂಟಿಕೊಂಡದ್ದು ಒಂದು ಕಡೆ. ಅಂಟಿದ್ದು 600 ಗ್ರಾಂ ಇದ್ದರೆ ನೂರಕ್ಕೆ ಆರು ಬಿಟ್ಟಿಲ್ಲ ಎಂದಾಯಿತು. ಜಾಲರಿ ಒಂದು ಸೈಜು ಇಳಿಸಿ ಮತ್ತೆ ಮಾಡಿ. ಪ್ರತಿ ಸಲ ಧೂಳಿನ ಚೀಲವನ್ನೂ ಬಾಣಲೆಯಲ್ಲಿ ನೋಡಿ. ಅಂಟಿದ್ದು ಕಮ್ಮಿಯಾಗುವ ವೇಗ ತಗ್ಗಿ, ಧೂಳಿನಲ್ಲಿ ತಾಮ್ರ ಕಾಣಲು ಶುರುವಾದ ಜಾಗದಲ್ಲಿ ನಿಲ್ಲಿಸಿ ಒಂದು ಸೈಜು ಹಿಂದೆ ಬನ್ನಿ. ನಮ್ಮ ಪಂಪ್ ಮೋಟರ್ ಮಾಲಿಗೆ ಅದು 40ಕ್ಕೆ ನಿಂತಿತು. ನಿಮ್ಮದು ಬೇರೆ ಇರಬಹುದು. ಬಿಡದೆ ಉಳಿದ ಸ್ವಲ್ಪ ತುಂಡನ್ನು ಆರಿಸಿ ಮತ್ತೆ ಮಿಲ್ಲಿಗೆ ಹಾಕುವುದು, ಎಲ್ಲ ಮಾಲನ್ನೂ ಪುಡಿ ಮಾಡುವುದಕ್ಕಿಂತ ಅಗ್ಗ.

ಚಾಲು ಮಾಡುವುದು, ತುಂಬಿಸುವುದು

ಚಾಲು ಮಾಡುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ. ಮೊದಲು ಧೂಳು ಎಳೆಯುವ ಫ್ಯಾನು, ಆಮೇಲೆ ಹೊರಗಿನ ಮ್ಯಾಗ್ನೆಟ್ ಮತ್ತು ಕನ್ವೇಯರ್, ಆಮೇಲೆ ಮಿಲ್, ಕೊನೆಗೆ ಮಾಲು ತರುವ ಕನ್ವೇಯರ್. ನಿಲ್ಲಿಸುವಾಗ ಇದರ ಉಲ್ಟಾ. ಮಿಲ್ ಪೂರ್ತಿ ವೇಗಕ್ಕೆ ಬರುವ ತನಕ ಒಂದು ತುಂಡೂ ಬೀಳಬಾರದು. ಒಳಗೆ ಮಾಲಿದ್ದು ಚಾಲು ಮಾಡಿದರೆ ಬೆಲ್ಟ್ ಸುಟ್ಟ ವಾಸನೆ ಗೇಟಿನ ತನಕ ಬರುತ್ತದೆ.

ಎಷ್ಟು ಹಾಕಬೇಕು ಎಂದು ಹೇಳುವುದು ಆಮೀಟರ್. 110 ಕಿಲೋವ್ಯಾಟ್ ಮೋಟರಿನ ಪೂರ್ತಿ ಲೋಡ್ ಸುಮಾರು 190 ಆಂಪಿಯರ್. ನಾವು ಮುಳ್ಳನ್ನು 135ರಿಂದ 150ರ ನಡುವೆ ಇಡುತ್ತೇವೆ. 170 ದಾಟಿದರೆ ಫೀಡ್ ಕನ್ವೇಯರ್ ತಾನಾಗಿ ನಿಲ್ಲುವ ಹಾಗೆ ಪ್ಯಾನೆಲ್‌ನಲ್ಲಿ ಸೆಟ್ ಮಾಡಿಸಿದ್ದೇವೆ. ಜೆಸಿಬಿ ಬಕೆಟ್ ಎತ್ತಿ ಒಮ್ಮೆಲೇ ಸುರಿಯುವ ಅಭ್ಯಾಸ ಇದ್ದರೆ ಬಿಡಿಸಿ. ಮುಳ್ಳು ಹಾರುವುದು, ಬೀಳುವುದು, ಹಾರುವುದು, ಇದರಷ್ಟು ಬೇರಿಂಗ್ ತಿನ್ನುವ ಕೆಲಸ ಬೇರೆ ಇಲ್ಲ. ತೀರಾ ಕಮ್ಮಿ ಹಾಕಿದರೂ ತೊಂದರೆ. ಖಾಲಿ ಕೋಣೆಯಲ್ಲಿ ತುಂಡು ಲೈನರಿಗೆ, ಅಂದರೆ ಒಳಗೋಡೆಯ ತಟ್ಟೆಗೆ, ಹೊಡೆದು ಲೈನರ್ ಸವೆಯುತ್ತದೆ.

ಕರೆಂಟಿನ ಲೆಕ್ಕವೂ ಇಲ್ಲೇ ಸಿಗುತ್ತದೆ. ಗಂಟೆಗೆ 80 ಯುನಿಟ್ ಉರಿದು ಎರಡು ಟನ್ ಮಾಲು ಹೊರಬಂದರೆ ಟನ್ನಿಗೆ 40 ಯುನಿಟ್. ಈ ಸಂಖ್ಯೆಯನ್ನು ದಿನಾ ಬರೆದಿಡಿ. ಅದು ಮೆಲ್ಲ ಮೆಲ್ಲ ಏರುತ್ತಿದ್ದರೆ ಹ್ಯಾಮರ್ ಮೂಲೆ ದುಂಡಗಾಗಿದೆ ಅಥವಾ ಜಾಲರಿ ಕಟ್ಟಿದೆ. ಬಾಗಿಲು ತೆರೆಯುವ ಮೊದಲೇ ಗೊತ್ತಾಗುತ್ತದೆ.

ಹೊರಬಂದ ಮಾಲು

ಮೊದಲ ಡ್ರಮ್ ಮ್ಯಾಗ್ನೆಟ್ ಕಬ್ಬಿಣ ತೆಗೆಯುತ್ತದೆ. ಉಳಿದದ್ದು ಎಡ್ಡಿ ಕರೆಂಟ್ ಯಂತ್ರಕ್ಕೆ, ಅಂದರೆ ಜೋರಾಗಿ ತಿರುಗುವ ಮ್ಯಾಗ್ನೆಟ್ಟಿನಿಂದ ಕಬ್ಬಿಣವಲ್ಲದ ಲೋಹವನ್ನು ಚಿಮ್ಮಿಸುವ ಯಂತ್ರಕ್ಕೆ. ಅಲ್ಲಿ ಅಲ್ಯೂಮಿನಿಯಂ ದೂರ ಹಾರುತ್ತದೆ, ತಾಮ್ರ ಸ್ವಲ್ಪ ಹತ್ತಿರ ಬೀಳುತ್ತದೆ, ಪ್ಲಾಸ್ಟಿಕ್ ಹಾರುವುದೇ ಇಲ್ಲ. ಕೂದಲಿನಂಥ ತಾಮ್ರದ ತಂತಿಯೂ ಸರಿಯಾಗಿ ಹಾರದೆ ಕಸದ ಜೊತೆ ಹೋಗುತ್ತದೆ. ಅದಕ್ಕೆ ಮೊದಲೇ ಜರಡಿ ಹಿಡಿದು ಸಣ್ಣದನ್ನು ಬೇರೆ ಮಾಡಬೇಕು.

ಒಂದು ವಿಚಿತ್ರ ಹೇಳಬೇಕು. 304 ಜಾತಿಯ ಸ್ಟೇನ್‌ಲೆಸ್ ಸ್ಟೀಲ್ ಸಾಮಾನ್ಯವಾಗಿ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ, ಅಲ್ವಾ? ಹ್ಯಾಮರ್ ಪೆಟ್ಟು ತಿಂದ ಮೇಲೆ ಸ್ವಲ್ಪ ಅಂಟಲು ಶುರುವಾಗುತ್ತದೆ. ಬಗ್ಗಿ ಜಜ್ಜಿದಾಗ ಅದರ ಒಳರಚನೆ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಮ್ಯಾಗ್ನೆಟ್ ತೀರಾ ಜೋರಾಗಿದ್ದರೆ ಒಳ್ಳೆಯ ರೇಟಿನ ಸ್ಟೀಲು ಕಬ್ಬಿಣದ ರಾಶಿಗೆ ಹೋಗುತ್ತದೆ. ದಿನಕ್ಕೊಮ್ಮೆ ಆ ರಾಶಿ ಕೆದಕಿ ನೋಡಿ.

ಕಬ್ಬಿಣದಲ್ಲಿ ತಾಮ್ರ ಉಳಿದರೆ ನಮಗೆ ಮಾತ್ರ ನಷ್ಟ ಅಲ್ಲ. ಉಕ್ಕು ಕರಗಿಸುವವರು ಅಂಥ ಲೋಡು ವಾಪಸ್ ಕಳಿಸುತ್ತಾರೆ. ಕುಲುಮೆಯಲ್ಲಿ ತಾಮ್ರ ಸುಟ್ಟು ಹೋಗುವುದಿಲ್ಲ, ಉಕ್ಕಿನಲ್ಲೇ ಉಳಿಯುತ್ತದೆ. ಅಂಥ ಉಕ್ಕನ್ನು ಬಿಸಿಯಲ್ಲಿ ರೋಲ್ ಮಾಡುವಾಗ ಮೈ ಬಿರಿಯುತ್ತದೆ.

ಹ್ಯಾಮರ್ ನೋಡಿಕೊಳ್ಳುವುದು

ಗುಜರಿ ಮಿಲ್ಲಿನ ಹ್ಯಾಮರ್ ಹೆಚ್ಚಾಗಿ ಮ್ಯಾಂಗನೀಸ್ ಉಕ್ಕಿನದ್ದು. ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದ ಉಕ್ಕು. ಮ್ಯಾಂಗನೀಸ್ ನೂರಕ್ಕೆ 11ರಿಂದ 14 ಇರುತ್ತದೆ. ಇದರ ಗುಣವೇ ಬೇರೆ. ಹೊಸದಾಗಿದ್ದಾಗ ಅಂಥ ಗಟ್ಟಿಯೇನಲ್ಲ. ಪೆಟ್ಟು ಬಿದ್ದಷ್ಟೂ ಮೇಲ್ಮೈ ಗಟ್ಟಿಯಾಗುತ್ತದೆ, ಒಳಗೆ ಮೆದುವಾಗಿಯೇ ಇರುತ್ತದೆ. ಅದಕ್ಕೇ ಸುಲಭಕ್ಕೆ ಮುರಿಯುವುದಿಲ್ಲ.

ಇದರಿಂದ ಎರಡು ಕೆಲಸದ ಮಾತು ಹುಟ್ಟುತ್ತವೆ. ಹೊಸ ಹ್ಯಾಮರ್ ಹಾಕಿದ ದಿನ ಬರೀ ತೆಳು ಅಲ್ಯೂಮಿನಿಯಂ ಓಡಿಸಬೇಡಿ. ಅಷ್ಟು ಹಗುರ ಪೆಟ್ಟಿಗೆ ಉಕ್ಕು ಗಟ್ಟಿಯಾಗುವುದಿಲ್ಲ, ಸುಮ್ನೆ ಸವೆಯುತ್ತದೆ. ಮೊದಲ ಒಂದೆರಡು ಪಾಳಿ ಭಾರದ ಮೋಟರ್ ಮಾಲು ಹಾಕಿ. ಎರಡನೆಯದು, ಈ ಉಕ್ಕು ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಹ್ಯಾಮರ್ ತುಂಡೊಂದು ಮುರಿದರೆ ಅದನ್ನು ಡ್ರಮ್ ಮ್ಯಾಗ್ನೆಟ್ ಹಿಡಿಯುತ್ತದೆ ಎಂದು ಕಾಯಬೇಡಿ. ತಾಮ್ರದ ಜೊತೆ ಸೀದಾ ಹೋಗುತ್ತದೆ. ಪಾಳಿ ಮುಗಿದಾಗ ಹ್ಯಾಮರ್ ಎಣಿಸುವುದೇ ದಾರಿ.

ಈಗ ವೇಗದ ವಿಷಯ. ಹತ್ತು ಕಿಲೋ ಹ್ಯಾಮರಿನ ತೂಕದ ನಡುಬಿಂದು ರೋಟರಿನ ಮಧ್ಯದಿಂದ 40 ಸೆಂಟಿಮೀಟರ್ ದೂರ ಇದೆ ಎಂದುಕೊಳ್ಳಿ. 1000 ಸುತ್ತಿನಲ್ಲಿ ಅದು ತನ್ನ ಪಿನ್ನನ್ನು ಸುಮಾರು ನಾಲ್ಕೂವರೆ ಟನ್ ಬಲದಿಂದ ಎಳೆಯುತ್ತದೆ. ವೇಗ ಕಾಲು ಭಾಗ ಏರಿಸಿದರೆ ಎಳೆತ ಒಂದೂವರೆ ಪಟ್ಟು ದಾಟುತ್ತದೆ. ಪಿನ್ ಕಿತ್ತರೆ ಆ ಹತ್ತು ಕಿಲೋ ಎಲ್ಲಿ ಹೋಗುತ್ತದೆ ಎಂದು ಯೋಚಿಸಿ.

ತೂಕದ ವ್ಯತ್ಯಾಸವೂ ಹಾಗೇ. ಒಂದು ಸಾಲು ಎದುರಿನ ಸಾಲಿಗಿಂತ 100 ಗ್ರಾಂ ಜಾಸ್ತಿ ಇದ್ದರೆ, ಅದೇ ವೇಗದಲ್ಲಿ 45 ಕಿಲೋ ತೂಕ ಶಾಫ್ಟನ್ನು ಸುತ್ತಲೂ ಎಳೆದಾಡಿದ ಹಾಗೆ, ನಿಮಿಷಕ್ಕೆ ಸಾವಿರ ಸಲ. ಅದಕ್ಕೇ ಹ್ಯಾಮರನ್ನು ಒಂದೊಂದಾಗಿ ತಕ್ಕಡಿಯಲ್ಲಿ ತೂಗಿ, ಸೀಮೆಸುಣ್ಣದಲ್ಲಿ ತೂಕ ಬರೆದು, ಎದುರುಬದುರು ಸಮ ಮಾಡಿ ಜೋಡಿಸಬೇಕು. ಒಂದು ಮುರಿಯಿತೆಂದು ಅದೊಂದನ್ನೇ ಹೊಸದು ಹಾಕಬೇಡಿ. ಎದುರಿನದ್ದನ್ನೂ ಬದಲಿಸಿ. ತೆಗೆದ ಹಳೆಯದು ಎಸೆಯಬೇಡಿ, ಅದೇ ತೂಕದ ಜೊತೆ ಸಿಕ್ಕಾಗ ಉಪಯೋಗಕ್ಕೆ ಬರುತ್ತದೆ.

ಹೊಡೆಯುವ ಮೂಲೆ ದುಂಡಗಾದರೆ ಪೆಟ್ಟು ಕಚ್ಚುವುದಿಲ್ಲ, ಮಾಲು ಜಾರಿ ಉರುಳುತ್ತದೆ. ಬಕೆಟ್ ಪರೀಕ್ಷೆಯಲ್ಲಿ ಅಂಟಿದ ತುಂಡು ಹೆಚ್ಚುತ್ತದೆ. ಆಗ ಇಡೀ ಸೆಟ್ಟನ್ನು ತಿರುಗಿಸಿ ಇನ್ನೊಂದು ಮೂಲೆ ಮುಂದೆ ತನ್ನಿ. ಪಿನ್ ತೂತು ಅಂಡಾಕಾರ ಆಗಿದ್ದರೆ ತಿರುಗಿಸುವ ಮಾತೇ ಬೇಡ, ಬದಲಿಸಿ.

ಬೇರಿಂಗ್ ಬಗ್ಗೆ ಒಂದೇ ಮಾತು ಸಾಕು. ಮೆಷಿನ್ ಹೊಸದಿದ್ದಾಗ ಎರಡು ಗಂಟೆ ಓಡಿದ ಮೇಲಿನ ಬಿಸಿ ಎಷ್ಟು ಎಂದು ಬರೆದಿಡಿ, ಅದಕ್ಕಿಂತ 15, 20 ಡಿಗ್ರಿ ಏರಿದರೆ ನಿಲ್ಲಿಸಿ ನೋಡಿ, ಗ್ರೀಸ್ ಜಾಸ್ತಿ ತುಂಬಿದರೂ ಬಿಸಿಯಾಗುತ್ತದೆ.

ಬಾಗಿಲು ತೆರೆಯುವ ಮುನ್ನ

ಸ್ವಿಚ್ ಆಫ್ ಮಾಡಿದ ಮೇಲೂ ರೋಟರ್ ಹಲವು ನಿಮಿಷ ತಿರುಗುತ್ತಲೇ ಇರುತ್ತದೆ. ಶಬ್ದ ನಿಂತಿತೆಂದರೆ ತಿರುಗುವುದು ನಿಂತಿತು ಎಂದಲ್ಲ. ಖಾಲಿ ರೋಟರ್ ಕೊನೆಯ ನಿಮಿಷದಲ್ಲಿ ಬೆಕ್ಕಿನ ಹಾಗೆ ಸದ್ದಿಲ್ಲದೆ ತಿರುಗುತ್ತದೆ. ಬೆಲ್ಟಿನ ಪುಲ್ಲಿ ಕಾಣುವ ಜಾಗದಲ್ಲಿ ಬಿಳಿ ಬಣ್ಣದ ಗೆರೆ ಹಾಕಿ. ಗೆರೆ ನಿಂತದ್ದನ್ನು ಕಣ್ಣಲ್ಲಿ ನೋಡಿ.

ಆಮೇಲೆ ಮೇನ್ ಸ್ವಿಚ್ ಇಳಿಸಿ ಬೀಗ ಹಾಕಿ. ಒಳಗೆ ಕೈ ಹಾಕುವ ಪ್ರತಿಯೊಬ್ಬನದ್ದೂ ಒಂದೊಂದು ಬೀಗ, ಕೀ ಅವನ ಜೇಬಿನಲ್ಲೇ. ಮೂವರಿದ್ದರೆ ಮೂರು ಬೀಗ. ನಂತರ ರೋಟರಿಗೆ ಅಡ್ಡ ಪಿನ್ ಹಾಕಿ. ಒಂದು ಕಡೆಯ ಹ್ಯಾಮರ್ ತೆಗೆದರೆ ಇನ್ನೊಂದು ಕಡೆ ಭಾರವಾಗಿ ರೋಟರ್ ತಾನಾಗಿ ಅರ್ಧ ಸುತ್ತು ತಿರುಗುತ್ತದೆ. ಕರೆಂಟೇ ಬೇಡ ಬೆರಳು ಹೋಗಲು. ತಿರುಗುವ ಭಾಗಕ್ಕೆ ಬೇಲಿ ಇರಲೇಬೇಕು ಎಂದು 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಇತ್ತು. ಬೆಲ್ಟಿನ ಗಾರ್ಡ್ ತೆಗೆದು ಗೋಡೆಗೆ ಒರಗಿಸಿಟ್ಟ ಯಾರ್ಡುಗಳನ್ನು ನಾನು ನೋಡಿದ್ದೇನೆ. ನಮ್ಮಲ್ಲಿ ಒಡಿಶಾ, ಬಿಹಾರ, ಉತ್ತರ ಕರ್ನಾಟಕದ ಹುಡುಗರಿದ್ದಾರೆ. ಹಾಗಾಗಿ ಸೂಚನೆಗಳನ್ನು ಬರೆಯುವ ಬದಲು ಚಿತ್ರದಲ್ಲಿ ಹಾಕಿದ್ದೇವೆ. ಬೀಗದ ಚಿತ್ರಕ್ಕೆ ಭಾಷೆ ಬೇಡ.

ಅಲ್ಯೂಮಿನಿಯಂ ಓಡಿಸುವ ಯಾರ್ಡಿನವರು ಧೂಳಿನ ಬಗ್ಗೆ ಹೆಚ್ಚು ಎಚ್ಚರ ಇಡಬೇಕು. ಅದರ ನುಣುಪು ಧೂಳು ಗಾಳಿಯಲ್ಲಿ ಹರಡಿ ಕಿಡಿ ತಗುಲಿದರೆ ಸ್ಫೋಟಿಸುತ್ತದೆ. ಒದ್ದೆಯಾಗಿ ಮುಚ್ಚಿಟ್ಟರೆ ಹೈಡ್ರೋಜನ್ ಹುಟ್ಟುತ್ತದೆ. ಪೈಪ್, ಚೀಲದ ಪೆಟ್ಟಿಗೆ ಎಲ್ಲಕ್ಕೂ ಅರ್ತಿಂಗ್ ಬೇಕು, ದಿನಾ ಖಾಲಿ ಮಾಡಬೇಕು, ಕಂಪ್ರೆಸರ್ ಗಾಳಿಯಿಂದ ಊದಿ ಗುಡಿಸಬಾರದು.

ಮಳೆಗಾಲ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಗುಜರಿಯನ್ನು ಬಯಲಲ್ಲಿ ರಾಶಿ ಹಾಕಿದರೆ ಜಾಲರಿಯ ತೂತು ಕೆಸರಿನಿಂದ ಕಟ್ಟುತ್ತದೆ. ಮೇ ತಿಂಗಳಲ್ಲೇ ಮೋಟರ್ ಮಾಲನ್ನು ತಗಡಿನ ಕೆಳಗೆ ಸೇರಿಸಿ. ಜಾಗ ಸಾಲದಿದ್ದರೆ ದಪ್ಪ ಕಬ್ಬಿಣ ಹೊರಗೆ ನೆನೆಯಲಿ, ಅದು ಹೇಗೂ ಮಿಲ್ಲಿಗೆ ಬರುವುದಿಲ್ಲ. ಎಣ್ಣೆ ಇಳಿದ ನೆಲಕ್ಕೆ ಕಾಂಕ್ರೀಟು, ಸುತ್ತ ಕಟ್ಟೆ, ಎಣ್ಣೆ ತಡೆಯುವ ಹೊಂಡ ಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ಎಣ್ಣೆ ತೋಡಿಗೆ ಇಳಿಯುತ್ತದೆ, ತೋಡಿನಿಂದ ಹೊಳೆಗೆ.

ಉಪ್ಪುಗಾಳಿಗೆ ಪ್ಯಾನೆಲ್ಲಿನ ತಾಮ್ರದ ಜೋಡಣೆಗಳು ಹಸಿರಾಗುತ್ತವೆ. ಪ್ಯಾನೆಲ್ ಒಳಗೂ ಮೋಟರಿನ ವೈಂಡಿಂಗಿಗೂ ಸಣ್ಣ ಹೀಟರ್ ಹಾಕಿಸಿ, ಮಿಲ್ ನಿಂತಿದ್ದಾಗಲೂ ಅದು ಉರಿಯುತ್ತಿರಲಿ. ನಾಲ್ಕು ದಿನ ನಿಂತ ಮೋಟರನ್ನು ಮೆಗ್ಗರ್ (ವೈಂಡಿಂಗಿನ ಇನ್ಸುಲೇಶನ್ ನೋಡುವ ಮೀಟರ್) ಹಿಡಿಯದೆ ಚಾಲು ಮಾಡಬೇಡಿ. ಸುಟ್ಟ ಮೋಟರ್ ಒಡೆಯುವ ಯಾರ್ಡಿನಲ್ಲಿ ನಮ್ಮದೇ ಮೋಟರ್ ಸುಟ್ಟರೆ ನಗುವವರು ಜಾಸ್ತಿ.

ಜೋರು ಮಳೆಗೆ ವಾರಗಟ್ಟಲೆ ಮಿಲ್ ನಿಲ್ಲಿಸುವುದಾದರೆ ಕೋಣೆ ಪೂರ್ತಿ ಖಾಲಿ ಮಾಡಿ, ಹ್ಯಾಮರ್ ಪಿನ್ನುಗಳಿಗೆ ಎಣ್ಣೆ ಹಚ್ಚಿ. ವಾರಕ್ಕೊಮ್ಮೆ ಬೀಗ ಹಾಕಿಯೇ ರೋಟರನ್ನು ಕೈಯಿಂದ ಕಾಲು ಸುತ್ತು ತಿರುಗಿಸಿ ಬಿಡಿ. ಒಂದೇ ಜಾಗದಲ್ಲಿ ಭಾರ ಕೂತರೆ ಬೇರಿಂಗಿಗೆ ಅಲ್ಲೇ ಗುರುತು ಬೀಳುತ್ತದೆ, ತುಕ್ಕು ಹಿಡಿಯುತ್ತದೆ. ಬಾಗಿಲು ತೆರೆದಾಗ ಮೊದಲು ಟಾರ್ಚ್ ಬಿಟ್ಟು ನೋಡಿ. ಹೋದ ಜುಲೈಯಲ್ಲಿ ನಮ್ಮ ಜಾಲರಿ ಮೇಲೆ ಕೇರೆ ಹಾವೊಂದು ಬೆಚ್ಚಗೆ ಸುತ್ತಿ ಮಲಗಿತ್ತು.